ನಾಯಿ ಕಚ್ಚಿ ವಾರವಾದರೂ ಏನೂ ಆಗದಿದ್ದರೆ ಇಂಜೆಕ್ಷನ್ ಬೇಡವೇ? ರೇಬಿಸ್ ವೈರಸ್ ದೇಹದೊಳಗೆ ಮಾಡುವುದೇನು?

“ನಾಯಿ ಕಚ್ಚಿದ ಜಾಗಕ್ಕೆ ಖಾರದಪುಡಿ, ಸುಣ್ಣ ಹಚ್ಚಿ. ಒಂದು ವಾರ ಏನೂ ಆಗದಿದ್ದರೆ ಇಂಜೆಕ್ಷನ್ ಬೇಕಾಗಿಲ್ಲ.” ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಇದನ್ನು ನಂಬಿದರೆ ಜೀವಕ್ಕೇ ಅಪಾಯ. ಯಾಕೆ? ವೈರಸ್ ಹೇಗೆ ಹೆಚ್ಚುತ್ತದೆ ಎಂಬುದನ್ನು ತಿಳಿದರೆ ಉತ್ತರ ಸಿಗುತ್ತದೆ.

ವೈರಸ್ ತಾನಾಗಿಯೇ ಹೆಚ್ಚುವುದಿಲ್ಲ

ಬ್ಯಾಕ್ಟೀರಿಯಾ ಒಂದು ಎರಡಾಗಿ ಒಡೆದು ಬೆಳೆಯುತ್ತದೆ. ವೈರಸ್‌ಗೆ ಅದು ಸಾಧ್ಯವಿಲ್ಲ. ರೇಬಿಸ್ ವೈರಸ್ಸಿನಲ್ಲಿ ಇರುವುದು ಕೇವಲ 5 ಬಗೆಯ ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಆರ್‌ಎನ್‌ಎ ಎಳೆ, ಆ ಪ್ರೋಟೀನ್‌ಗಳು, ಹೊರಗೆ ಒಂದು ಕೊಬ್ಬಿನ ಪದರ. ಉಳಿದದ್ದೆಲ್ಲ ನಮ್ಮ ಜೀವಕೋಶದಿಂದಲೇ ಬರಬೇಕು.

ಜೊಲ್ಲಿನ ಮೂಲಕ ಗಾಯಕ್ಕೆ ಸೇರಿದ ವೈರಸ್ ಮೊದಲು ಜೀವಕೋಶದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಹೊದಿಕೆ ಕಳಚಿ ಆರ್‌ಎನ್‌ಎ ಹೊರಬರುತ್ತದೆ. ಪ್ರೋಟೀನ್ ತಯಾರಿಸುವ ನಮ್ಮ ಕೋಶದ ಯಂತ್ರಗಳು ಈಗ ವೈರಸ್ಸಿನ ಪ್ರೋಟೀನ್ ತಯಾರಿಸತೊಡಗುತ್ತವೆ. ಆರ್‌ಎನ್‌ಎ ಪ್ರತಿಗಳೂ ಹೆಚ್ಚುತ್ತವೆ. ಇವೆಲ್ಲ ಜೋಡಣೆಯಾಗಿ, ಕೋಶದ ಪೊರೆಯನ್ನೇ ಹೊದ್ದುಕೊಂಡು ಹೊಸ ವೈರಸ್‌ಗಳು ಹೊರಬರುತ್ತವೆ.

ಹಾಗಾದರೆ ವಾರಗಟ್ಟಲೆ ಏನೂ ಕಾಣಿಸುವುದಿಲ್ಲ ಯಾಕೆ?

ರೇಬಿಸ್ ವೈರಸ್ ನರದೊಳಗೆ ಸೇರಿ, ನಿಧಾನವಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಸಾಮಾನ್ಯವಾಗಿ ಲಕ್ಷಣ ಕಾಣಿಸಲು 2-3 ತಿಂಗಳು ಬೇಕು. ಕೆಲವರಲ್ಲಿ ಒಂದು ವಾರ ಸಾಕು, ಕೆಲವರಲ್ಲಿ ವರ್ಷವೇ ಆಗಬಹುದು. ಅಂದರೆ “ಏನೂ ಆಗಿಲ್ಲ” ಎಂದುಕೊಳ್ಳುವ ದಿನಗಳಲ್ಲಿ ವೈರಸ್ ದಾರಿಯಲ್ಲಿರಬಹುದು. ಮಿದುಳು ತಲುಪಿ ಲಕ್ಷಣ ಶುರುವಾದ ಮೇಲೆ ಬದುಕುಳಿಯುವುದು ತೀರಾ ಅಪರೂಪ.

ನೀವು ಮಾಡಬೇಕಾದದ್ದು

* ಗಾಯವನ್ನು ತಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸೋಪು ವೈರಸ್ಸಿನ ಕೊಬ್ಬಿನ ಪದರವನ್ನು ಒಡೆಯುತ್ತದೆ. ಖಾರದಪುಡಿ, ಸುಣ್ಣ ಗಾಯವನ್ನು ಕೆರಳಿಸುತ್ತವೆ ಅಷ್ಟೇ.
* ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯಿಂದ ರಕ್ಷಣೆ ಸಿಗಲು ಒಂದೆರಡು ವಾರ ಬೇಕು. ಅದಕ್ಕೇ ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್ ಇಂಜೆಕ್ಷನ್ ಕೂಡ ಕೊಡುತ್ತಾರೆ.
* ಡಾಕ್ಟರ್ ಹೇಳಿದ ಎಲ್ಲಾ ಡೋಸ್ ಮುಗಿಸಿ. ಕಚ್ಚಿದ್ದು ಮನೆಯ ನಾಯಿ, ಮರಿ ಎಂದು ಸುಮ್ಮನಿರಬೇಡಿ.
* ಕಚ್ಚಿ ಈಗಾಗಲೇ ಕೆಲವು ದಿನ ಕಳೆದಿದ್ದರೂ ಇಂದೇ ಹೋಗಿ.

ಆ ಹಳೆಯ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳುಹಿಸಿದವರಿಗೆ ಇದನ್ನು ಕಳುಹಿಸಿ.