ಕೋಟಿ ಜನ ನೋಡಿದರು, ಬಹುಮಾನ ಮಾತ್ರ ಕೇಕಿನ ತಟ್ಟೆ!

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರನ್ನೊಮ್ಮೆ ಕೇಳಿ ನೋಡಿ. ಅಲ್ಲಿನ ಹೋಟೆಲಿನಲ್ಲಿ "ಬಿಸ್ಕತ್ತು" ಎಂದರೆ ಕಾಫಿಯಲ್ಲಿ ಅದ್ದಿ ತಿನ್ನುವ ಗರಿಗರಿ ಬಿಸ್ಕತ್ತು ಬರುವುದಿಲ್ಲ. ಬನ್ನಿನ ಹಾಗೆ ಮೆತ್ತಗಿರುವ, ಸ್ವಲ್ಪ ಉಪ್ಪುಪ್ಪಾದ ತಿಂಡಿ ಬರುತ್ತದೆ. ಅದರ ಮೇಲೆ ಬಿಳಿ ಗ್ರೇವಿ ಸುರಿದುಕೊಂಡು ತಿನ್ನುವವರೂ ಉಂಟು! ನಮ್ಮ ಬಿಸ್ಕತ್ತಿಗೆ ಅಲ್ಲಿ "ಕುಕೀ" ಎಂದು ಹೆಸರು. ನಾವು ಈ ಮಾತನ್ನು ಕಲಿತದ್ದು ಇಂಗ್ಲಿಷರಿಂದ. ಹಾಗಾಗಿ ಅವರ ಬಿಸ್ಕತ್ತೂ ನಮ್ಮ ಬಿಸ್ಕತ್ತೂ ಒಂದೇ.

ಹೀಗಿರುವಾಗ ಬ್ರಿಟನ್ನಿನ ಬೇಕಿಂಗ್ ಸ್ಪರ್ಧೆಯೊಂದು ಅಮೆರಿಕದ ಟೀವಿಗೆ ಬಂದರೆ ಗೊಂದಲವಾಗದೆ ಇದ್ದೀತೇ? ಆದದ್ದೂ ಹಾಗೆಯೇ.

ಡೇರೆಯೊಳಗೆ ಅಡುಗೆಮನೆ

"ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್" ಎಂಬ ಈ ಕಾರ್ಯಕ್ರಮ ಬಿಬಿಸಿಯಲ್ಲಿ ಶುರುವಾದದ್ದು 2010ರಲ್ಲಿ. ಹಳ್ಳಿಯ ಬಂಗಲೆಯೊಂದರ ಹುಲ್ಲುಹಾಸಿನ ಮೇಲೆ ದೊಡ್ಡದೊಂದು ಬಿಳಿ ಡೇರೆ. ಒಳಗೆ ಸಾಲಾಗಿ ಓವನ್ನುಗಳು. ಸ್ಪರ್ಧಿಗಳು ಹನ್ನೆರಡು ಮಂದಿ, ಕೆಲವು ವರ್ಷ ಹೆಚ್ಚು ಕಡಿಮೆ. ಯಾರೂ ಹೋಟೆಲಿನ ಬಾಣಸಿಗರಲ್ಲ, ಎಲ್ಲರೂ ಮನೆಯಲ್ಲಿ ಬೇಯಿಸುವವರೇ.

ವಾರಕ್ಕೆ ಮೂರು ಪರೀಕ್ಷೆ. ಮೊದಲನೆಯದರಲ್ಲಿ ತಮಗೆ ಚೆನ್ನಾಗಿ ಬರುವ ತಿಂಡಿ ಮಾಡಬೇಕು. ಎರಡನೆಯದರಲ್ಲಿ ಎಲ್ಲರಿಗೂ ಒಂದೇ ತಿಂಡಿ, ಆದರೆ ವಿಧಾನದ ಚೀಟಿಯಲ್ಲಿ ಅರ್ಧ ವಿವರವೇ ಇರುವುದಿಲ್ಲ. ಎಷ್ಟು ಹೊತ್ತು, ಎಷ್ಟು ಶಾಖ ಎನ್ನದೆ "ಬೇಯಿಸಿ" ಎಂದಷ್ಟೇ ಬರೆದಿರುವುದೂ ಉಂಟು! ತಿಂಡಿ ಯಾರದೆಂದು ತಿಳಿಯದೆಯೇ ತೀರ್ಪುಗಾರರು ರುಚಿ ನೋಡುತ್ತಾರೆ. ಮೂರನೆಯದು ನೋಡುವವರ ಕಣ್ಣು ಕುಕ್ಕುವಂಥ ದೊಡ್ಡ ಕೆಲಸ.

ಹೆಸರೇ ಬೇರೆ

ಅಮೆರಿಕದಲ್ಲಿ ಮೊದಲು ಕಳಚಿಹೋದದ್ದು ಕಾರ್ಯಕ್ರಮದ ಹೆಸರು. ಅಲ್ಲಿ ಅದು "ದಿ ಗ್ರೇಟ್ ಬ್ರಿಟಿಷ್ ಬೇಕಿಂಗ್ ಷೋ". ಕಾರಣ, "ಬೇಕ್ ಆಫ್" ಎಂಬ ಮಾತಿನ ಹಕ್ಕು ಪಿಲ್ಸ್‌ಬರಿ ಕಂಪನಿಯದು. ಹೌದು, ನಮ್ಮಲ್ಲೂ ಗೋಧಿ ಹಿಟ್ಟಿನ ಚೀಲದ ಮೇಲೆ ನೀವು ನೋಡಿರುವ ಹೆಸರೇ. 1949ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಆ ಕಂಪನಿ ಗೃಹಿಣಿಯರಿಗೆ ದೊಡ್ಡ ಸ್ಪರ್ಧೆ ನಡೆಸಿತು. ಅದು ಅಷ್ಟು ಬೆಳೆಯಿತೆಂದರೆ, 1996ರಲ್ಲಿ ಮೊದಲ ಬಹುಮಾನ 10 ಲಕ್ಷ ಡಾಲರ್!

ಅಂಥ ದೇಶದವರು ಬ್ರಿಟನ್ನಿನ ಸ್ಪರ್ಧೆ ನೋಡಿದರು. ಹತ್ತು ವಾರ ಒದ್ದಾಡಿ, ಬೆವರಿ, ಅತ್ತು ಗೆದ್ದವರಿಗೆ ಸಿಕ್ಕಿದ್ದೇನು? ಹೆಸರು ಕೆತ್ತಿದ, ಕೇಕ್ ಇಡುವ ಕಾಲುತಟ್ಟೆ, ಜೊತೆಗೆ ಒಂದು ಹೂಗುಚ್ಛ. ಅಷ್ಟೇ. "ಇಷ್ಟಕ್ಕೇನಾ ಇಷ್ಟೆಲ್ಲ?" ಎನ್ನಿಸದೆ ಇರುತ್ತದೆಯೇ?

ಮಾತು ಒಂದೇ, ತಿಂಡಿ ಬೇರೆ

ಮಾತಿನ ಗೊಂದಲ ಬಿಡಿಸುವುದು ಸುಲಭ. ಬ್ರಿಟಿಷರಿಗೆ ಊಟದ ಕೊನೆಯ ಯಾವ ಸಿಹಿಯೂ "ಪುಡಿಂಗ್". ಅಮೆರಿಕದವರಿಗೆ ಅದು ಕಸ್ಟರ್ಡಿನಂಥ ಒಂದೇ ಪದಾರ್ಥ. ಬ್ರಿಟಿಷರ "ಜೆಲ್ಲಿ" ನಡುಗುವ ಸಿಹಿ. ಅಮೆರಿಕದಲ್ಲಿ ಬ್ರೆಡ್ಡಿಗೆ ಸವರುವಂಥದು. ಇವರು ಗ್ರಾಮಿನಲ್ಲಿ ತೂಗಿದರೆ ಅವರು ಬಟ್ಟಲಿನಲ್ಲಿ ಅಳೆಯುತ್ತಾರೆ. ಇವರು ಓವನ್ 180 ಡಿಗ್ರಿ ಎಂದರೆ ಅದು ಸೆಲ್ಸಿಯಸ್. ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸುಮಾರು 350. ಅಲ್ಲಿನ ಓವನ್ನನ್ನು ಅವರ ಲೆಕ್ಕದ 180ಕ್ಕೇ ಇಟ್ಟರೆ ನೀರೂ ಕುದಿಯದು, ಕೇಕ್ ಎಲ್ಲಿಂದ ಬೆಂದೀತು! ಅಮೆರಿಕದಲ್ಲಿರುವ ಮಗಳಿಗೆ ಫೋನಿನಲ್ಲಿ ಕೇಕ್ ಹೇಳಿಕೊಡುವಾಗ ನೀವೂ ಇದನ್ನು ನೆನಪಿಡಿ.

ದುಡ್ಡು ಸೇರಿಸಿ ನೋಡಿದರು

ಮಾತನ್ನು ತಿಳಿಸಿ ಹೇಳಬಹುದು. ಆ ಬಹುಮಾನದ ಗುಟ್ಟನ್ನು ಹೇಳುವುದು ಹೇಗೆ? 2013ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ಇದೇ ಮಾದರಿಯನ್ನು ತನ್ನದಾಗಿಸಿಕೊಂಡಿತು. ಡೇರೆ ಅದೇ, ತೀರ್ಪುಗಾರ ಪಾಲ್ ಹಾಲಿವುಡ್ ಅವರನ್ನೂ ಕರೆಸಿದರು. ಬಹುಮಾನ ಮಾತ್ರ ಎರಡೂವರೆ ಲಕ್ಷ ಡಾಲರ್, ಮೇಲೊಂದು ಅಡುಗೆ ಪುಸ್ತಕ ಬರೆಯುವ ಅವಕಾಶ. ಆ ಕಾರ್ಯಕ್ರಮ ಒಂದೇ ಸರಣಿಗೆ ಮುಗಿದುಹೋಯಿತು. ಮುಂದಿನ ವರ್ಷದ ಕೊನೆಗೆ ಪಿಬಿಎಸ್ ವಾಹಿನಿ ಕೇಕುತಟ್ಟೆಯ ಮೂಲ ಕಾರ್ಯಕ್ರಮವನ್ನೇ ತೋರಿಸತೊಡಗಿತು. ಜನ ಅದನ್ನು ಹಚ್ಚಿಕೊಂಡರು!

ಮೂಲದ ಕಲ್ಪನೆ ಇಂಗ್ಲೆಂಡಿನ ಹಳ್ಳಿ ಮೇಳದ್ದು. ಅಲ್ಲಿ ಕೇಕ್ ಸ್ಪರ್ಧೆಯಲ್ಲಿ ಗೆದ್ದರೆ ಸಿಗುವುದು ಊರವರ ಮುಂದೆ ಒಂದು ಮರ್ಯಾದೆ. ಅದಕ್ಕೇ ಡೇರೆಯಲ್ಲಿ ಒಬ್ಬರ ಕೇಕ್ ವಾಲಿದರೆ ಎದುರಾಳಿಯೇ ಓಡಿಬಂದು ಹಿಡಿಯುತ್ತಾರೆ. ಸ್ಪರ್ಧಿ ಯಾರಾದರೂ ಅತ್ತರೆ, ನಿರೂಪಕಿಯರಾಗಿದ್ದ ಮೆಲ್ ಗೆಡ್ರಾಯ್ಚ್ ಮತ್ತು ಸ್ಯೂ ಪರ್ಕಿನ್ಸ್ ತಮ್ಮ ಕೋಟನ್ನೇ ಅಡ್ಡ ಹಿಡಿಯುತ್ತಿದ್ದರಂತೆ. ಇಲ್ಲವೇ ಪಕ್ಕದಲ್ಲಿ ನಿಂತು ಬೇಕೆಂದೇ ಕೆಟ್ಟ ಮಾತು ಬೈಯುತ್ತಿದ್ದರಂತೆ, ಆ ದೃಶ್ಯ ಪ್ರಸಾರ ಮಾಡಲು ಬಾರದಿರಲಿ ಎಂದು! ಇದನ್ನು ಸ್ಯೂ ಅವರೇ ಹೇಳಿಕೊಂಡಿದ್ದಾರೆ. 2016ರಲ್ಲಿ ಕಾರ್ಯಕ್ರಮ ಹೆಚ್ಚು ಹಣ ಕೊಟ್ಟ ಚಾನೆಲ್ 4ರ ಪಾಲಾದಾಗ ಇವರಿಬ್ಬರೂ ಬಿಟ್ಟುಬಂದರು. ಹಿರಿಯ ತೀರ್ಪುಗಾರ್ತಿ ಮೇರಿ ಬೆರಿ ಕೂಡ ಹೋಗಲಿಲ್ಲ.

ಮನೆಯಾಕೆ ಗೆದ್ದಾಗ

2015ರಲ್ಲಿ ಗೆದ್ದಾಕೆ ನಾದಿಯಾ ಹುಸೇನ್. ಬಾಂಗ್ಲಾದೇಶದ ಮೂಲದ ಮನೆತನ, ಹುಟ್ಟಿದ್ದು ಇಂಗ್ಲೆಂಡಿನ ಲೂಟನ್ನಿನಲ್ಲಿ. ಮೂರು ಮಕ್ಕಳ ತಾಯಿ, ಮನೆಯನ್ನೇ ನೋಡಿಕೊಂಡಿದ್ದವರು. ಅಂತಿಮ ಸುತ್ತಿನಲ್ಲಿ ಆಕೆ ಮಾಡಿದ್ದು ಮದುವೆಯ ಕೇಕ್. ಏಕೆ ಗೊತ್ತೇ? ಬಾಂಗ್ಲಾದ ಪದ್ಧತಿಯ ತಮ್ಮ ಮದುವೆಯಲ್ಲಿ ಕೇಕ್ ಇರಲಿಲ್ಲ! ನಿಂಬೆಯ ಕೇಕಿಗೆ ಕೆಂಪು, ಬಿಳಿ, ನೀಲಿ ಸೀರೆಬಟ್ಟೆಯ ಅಲಂಕಾರ ಮಾಡಿ, ತಮ್ಮ ಮದುವೆಯ ಒಡವೆಗಳನ್ನೇ ಅದಕ್ಕೆ ತೊಡಿಸಿದರು. 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದರು.

ಗೆದ್ದ ಮೇಲೆ ಆಕೆ ಕಣ್ಣೀರಿಡುತ್ತ ಹೇಳಿದ್ದರ ಸಾರ ಇಷ್ಟು: ನನ್ನಿಂದ ಆಗದು ಎಂದು ಇನ್ನೆಂದೂ ಹೇಳುವುದಿಲ್ಲ. ಮರುವರ್ಷ ರಾಣಿ ಎಲಿಜಬೆತ್ತರ 90ನೇ ಹುಟ್ಟುಹಬ್ಬದ ಕೇಕ್ ಮಾಡಿದ್ದೂ ಆಕೆಯೇ. ಪುಸ್ತಕ, ಟೀವಿ, ಹಣ ಎಲ್ಲ ಆಮೇಲೆ ಬಂತು. ಅಂದು ಕೈಗೆ ಬಂದದ್ದು ಆ ತಟ್ಟೆ ಮಾತ್ರ.

ಅಮೆರಿಕದವರಿಗೆ ಬಿಡಿಸಿ ಹೇಳಬೇಕಾದ ಈ ಸಂಗತಿ ನಿಮಗೆ ಹೊಸದೇನಲ್ಲ. ಮಹಿಳಾ ಸಮಾಜದ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದ ಸ್ಟೀಲ್ ಡಬ್ಬಿಯನ್ನು ನೀವು ಮಾರಿದ್ದೀರಾ? ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದೀರಿ, ಬಂದವರಿಗೆಲ್ಲ ಕಾಣುವ ಹಾಗೆ. ದಿನವೂ ಮಾಡುವ ಕೆಲಸವನ್ನು ಒಂದು ದಿನ ನಾಲ್ಕು ಜನ ನಿಂತು ನೋಡಿ "ಚೆನ್ನಾಗಿದೆ" ಎನ್ನುವುದಕ್ಕೆ ಬೆಲೆ ಕಟ್ಟಲಾದೀತೇ?

ಕೊನೆಗೊಂದು ಕಿವಿಮಾತು. ಆ ಡೇರೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ವಿಕ್ಟೋರಿಯಾ ಸ್ಪಾಂಜ್. ಲೆಕ್ಕ ಬಹಳ ಸುಲಭ. ಮೊಟ್ಟೆಗಳನ್ನು ಸಿಪ್ಪೆ ಸಮೇತ ತೂಗಿ. ಅಷ್ಟೇ ತೂಕದ ಬೆಣ್ಣೆ, ಸಕ್ಕರೆ ಪುಡಿ, ಬೇಕಿಂಗ್ ಪೌಡರ್ ಬೆರೆಸಿ ಜರಡಿ ಹಿಡಿದ ಮೈದಾ ತೆಗೆದುಕೊಳ್ಳಿ. ಎರಡು ಬಿಲ್ಲೆ ಬೇಯಿಸಿ, ಆರಿದ ಮೇಲೆ ನಡುವೆ ಜಾಮ್ ಸವರಿ ಒಂದರ ಮೇಲೊಂದಿಡಿ. ಓವನ್ ಇಲ್ಲವೇ? ದಪ್ಪ ತಳದ ಪಾತ್ರೆಗೆ ಮರಳು ಹಾಕಿ ಬೇಯಿಸುವ ನಮ್ಮ ಹಳೆಯ ಉಪಾಯ ಇದ್ದೇ ಇದೆ. ಮಾಡಿದ ದಿನ ಒಳ್ಳೆಯ ತಟ್ಟೆಯಲ್ಲೇ ಇಟ್ಟು ಬಡಿಸಿ. ಮನೆಯವರು ಹೊಗಳಿದರೆ "ಏನೋ ಮಾಡಿದೆ ಬಿಡಿ" ಎನ್ನಬೇಡಿ, ಆಯಿತೇ?