ಲಾರ್ಡ್ಸ್ ಸಭೆಯ ತೆರಿಗೆ ಲೆಕ್ಕ

ಲಂಡನ್ನಿನ ಸಂಸತ್ ಭವನದಲ್ಲಿ ಕಾಮನ್ಸ್ ಸಭೆಯ ಆಸನಗಳು ಹಸಿರು, ಲಾರ್ಡ್ಸ್ ಸಭೆಯವು ಕೆಂಪು. ಕೆಂಪು ಆಸನದಲ್ಲಿ ಕೂರುವವರು ಯಾರೂ ಜನರ ಮುಂದೆ ನಿಂತು ಮತ ಕೇಳಿ ಬಂದವರಲ್ಲ. ಹೆಚ್ಚಿನವರು ಪ್ರಧಾನಿಯ ಶಿಫಾರಸಿನಿಂದ ಆಜೀವ ಸದಸ್ಯರಾದವರು. ಜೊತೆಗೆ 26 ಬಿಷಪ್‌ಗಳು. ವಂಶಪಾರಂಪರ್ಯದ ಲಾರ್ಡ್‌ಗಳನ್ನು 1999ರ ಕಾಯ್ದೆ ಹೊರಗೆ ಕಳಿಸಿತಾದರೂ ರಾಜಿಗಾಗಿ 92 ಮಂದಿಯನ್ನು ಉಳಿಸಿಕೊಂಡಿತು. ಇವರಲ್ಲಿ ಒಬ್ಬರು ತೀರಿಕೊಂಡರೆ ಉಪಚುನಾವಣೆ ನಡೆಯುತ್ತಿತ್ತು. 2016ರ ಅಂಥದೊಂದು ಚುನಾವಣೆಯಲ್ಲಿ ಅಭ್ಯರ್ಥಿಗಳು ಏಳು ಮಂದಿ, ಮತದಾರರು ಮೂವರು! ಮೂರು ಮತವೂ ವೈಕೌಂಟ್ ಥರ್ಸೋ ಅವರಿಗೇ ಬಿದ್ದವು. ನಮ್ಮ ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಇದಕ್ಕಿಂತ ಹೆಚ್ಚು ಪೈಪೋಟಿ ಕಂಡೇವು.

ಈ ಸಭೆಗೆ ಜನರ ಆಯ್ಕೆಯ ಬುನಾದಿ ಹಾಕುವ ಉದ್ದೇಶ 1911ರ ಪಾರ್ಲಿಮೆಂಟ್ ಕಾಯ್ದೆಯ ಪೀಠಿಕೆಯಲ್ಲೇ ಇದೆ. 2012ರಲ್ಲಿ ಉಪಪ್ರಧಾನಿ ನಿಕ್ ಕ್ಲೆಗ್ ತಂದ ಮಸೂದೆ ಶೇ 80ರಷ್ಟು ಸದಸ್ಯರು ಚುನಾಯಿತರಾಗಲಿ ಎಂದಿತು. ಕನ್ಸರ್ವೇಟಿವ್ ಪಕ್ಷದ 91 ಮಂದಿ ತಿರುಗಿಬಿದ್ದರು, ಮಸೂದೆ ಮೂಲೆ ಸೇರಿತು.

ಇಂಥ ವಾದಗಳಿಗೆಲ್ಲ ಜಗ್ಗದವರಲ್ಲಿ ಕೆಲವರನ್ನಾದರೂ ಎಬ್ಬಿಸಿದ್ದು ತೆರಿಗೆ. ವಾಸ ಬ್ರಿಟನ್ನಿನಲ್ಲಿ, ಕಾಯಂ ನೆಲೆ ಮಾತ್ರ ಬೇರೆ ದೇಶದಲ್ಲಿ ಎನ್ನುವವರನ್ನು ‘ನಾನ್-ಡಾಮ್’ ಎಂದು ಕರೆಯುತ್ತಿದ್ದರು. ಹೊರದೇಶದ ಆದಾಯವನ್ನು ಒಳಗೆ ತರದಿದ್ದರೆ ಅವರು ಅದಕ್ಕೆ ತೆರಿಗೆ ಕಟ್ಟಬೇಕಿರಲಿಲ್ಲ. ಕನ್ಸರ್ವೇಟಿವ್ ಪಕ್ಷದ ದೊಡ್ಡ ದಾನಿ ಲಾರ್ಡ್ ಆಶ್‌ಕ್ರಾಫ್ಟ್, ಸದಸ್ಯರಾಗಿ ಹತ್ತು ವರ್ಷವಾದ ಮೇಲೆ, 2010ರ ಮಾರ್ಚ್‌ನಲ್ಲಿ ತಾವೂ ಅದೇ ಗುಂಪಿನವರೆಂದು ಬಾಯಿಬಿಟ್ಟಾಗ ದೊಡ್ಡ ಗದ್ದಲವಾಯಿತು. ಮರುತಿಂಗಳು ಅಂಗೀಕಾರವಾದ ಕಾಯ್ದೆಯ ಪ್ರಕಾರ ಸಂಸತ್ ಸದಸ್ಯರೆಲ್ಲ ತೆರಿಗೆಯ ಮಟ್ಟಿಗೆ ಬ್ರಿಟನ್ನಿನವರೇ. ಒಲ್ಲದ ಲಾರ್ಡ್‌ಗಳಿಗೆ ಜಾಗ ಬಿಡಲು ಮೂರು ತಿಂಗಳ ಗಡುವು.

ಆಶ್‌ಕ್ರಾಫ್ಟ್ ಉಳಿದರು; ಬೇರೆ ಐವರು ಎದ್ದು ನಡೆದರು. ಭಾರತ ಮೂಲದ ಲೋಹ ವ್ಯಾಪಾರಿ ರಾಜ್ ಬಾಗ್ರಿ ಅವರಲ್ಲೊಬ್ಬರು. ಇನ್ನೊಬ್ಬರು ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್. ಜನ ಮೇಲೆ ನಿಂತು ತಮ್ಮ ಪ್ರತಿನಿಧಿಗಳನ್ನು ಕೆಳಗೆ ನೋಡಲೆಂದು ಬರ್ಲಿನ್ನಿನ ಸಂಸತ್ ಭವನಕ್ಕೆ ಗಾಜಿನ ಗುಮ್ಮಟ ಕಟ್ಟಿದವರು ಇವರೇ!

ತೆರಿಗೆ ಕಟ್ಟದವರು ಕಾನೂನು ಮಾಡಬಾರದೆಂಬ ವಾದ ನನಗೂ ಒಪ್ಪಿಗೆ. ಆದರೆ ಆ ಕಾಯ್ದೆ ಲಾರ್ಡ್‌ಗಳನ್ನು ಖಜಾನೆಗೆ ಬಾಧ್ಯರನ್ನಾಗಿಸಿತೇ ಹೊರತು ಮತದಾರರಿಗಲ್ಲ. ಹೊರನಡೆದ ಐವರ ಬಿರುದಿಗೂ ಅದು ಕೈ ಹಾಕಲಿಲ್ಲ. ಸಭೆಯಲ್ಲಿ ಕೂರದಿದ್ದರೂ ಅವರು ಲಾರ್ಡ್‌ಗಳಾಗಿಯೇ ಉಳಿದರು.