ಕಿವಿ ಬುಡದ ಗಂಟು ಮತ್ತು ‘ಕರೆಂಟ್’ ಎಂಬ ಭಯ

ತಮಿಳುನಾಡಿನ ಗಡಿಭಾಗದ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮನೆಯವರು ಮೊದಲು ಕೇಳುವುದು, ‘ಕರೆಂಟ್ ಇಡ್ತಾರಾ?’ ಎಂದು. ಪಕ್ಕದ ತಮಿಳು ಮನೆಯಲ್ಲೂ ಇದೇ ‘ಕರೆಂಟ್’, ಇದೇ ‘ಇಡುವುದು’. ರೇಡಿಯೇಷನ್‌ಗೆ ಗಡಿಯ ಎರಡೂ ಭಾಷೆಯ ಜನ ಕೊಟ್ಟುಕೊಂಡ ಹೆಸರದು. ಹೆಸರಿನಲ್ಲೇ ಶಾಕ್ ಹೊಡೆಯುವ, ಸುಟ್ಟುಹಾಕುವ ಹೆದರಿಕೆ ಕೂತಿದೆ. ಲಾಲಾಗ್ರಂಥಿ, ಅಂದರೆ ಜೊಲ್ಲು ಸುರಿಸುವ ಗ್ರಂಥಿಯ ಕ್ಯಾನ್ಸರ್ ಬಂದವರ ಮಟ್ಟಿಗೆ ಈ ಹೆದರಿಕೆ ಇನ್ನೂ ದುಬಾರಿ. ಕಾಯಿಲೆಯೇ ಅಪರೂಪದ್ದು. ಲಕ್ಷ ಜನರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ ಒಬ್ಬರಿಗೆ ಬರುತ್ತದೆ. ‘ನಮ್ಮೂರಲ್ಲೂ ಒಬ್ಬರಿಗೆ ಆಗಿತ್ತು, ಈಗ ಚೆನ್ನಾಗಿದ್ದಾರೆ’ ಎಂದು ಧೈರ್ಯ ಹೇಳುವವರು ಸಿಗುವುದಿಲ್ಲ. ಆ ಜಾಗದಲ್ಲಿ ತಪ್ಪು ಮಾತುಗಳು ಬಂದು ಕೂರುತ್ತವೆ.

‘ಅದು ಕೆಪ್ಪಟ, ತಾನೇ ಇಳಿಯುತ್ತೆ.’

ಕಿವಿಯ ಕೆಳಗೆ ಊದಿಕೊಂಡರೆ ಕೆಪ್ಪಟ, ಅಂದರೆ ಮಂಗನಬಾವು ಎನ್ನುವುದು ರೂಢಿ. ತಮಿಳಿನಲ್ಲಿ ಅದಕ್ಕೆ ‘ಪೊನ್ನುಕ್ಕು ವೀಂಗಿ’ (ಪೊನ್ನು ಎಂದರೆ ಹೊನ್ನು) ಎಂಬ ಹೆಸರಿರುವುದರಿಂದ ಚಿನ್ನದ ಸರ ಕೊರಳಿಗೆ ಹಾಕುವ ಪದ್ಧತಿಯೂ ಇದೆ. ಮಕ್ಕಳಿಗೆ ಜ್ವರದ ಜೊತೆ ಬಂದು, ನೋಯುತ್ತಾ, ಹಲವು ಸಲ ಎರಡೂ ಕಡೆ ಊದಿ, ಹತ್ತು ದಿನದೊಳಗೆ ಇಳಿಯುವ ಬಾವು ಕೆಪ್ಪಟವೇ ಸರಿ. ಊಟಕ್ಕೆ ಕೂತಾಗ ಉಬ್ಬಿ ಆಮೇಲೆ ತಗ್ಗುವ ಬಾವಾದರೆ ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು. ಆದರೆ ನಲವತ್ತು ದಾಟಿದವರ ಒಂದೇ ಕೆನ್ನೆಯಲ್ಲಿ, ನೋವಿಲ್ಲದೆ, ಗೋಲಿಯಂತೆ ಕೈಗೆ ಸಿಗುವ ಗಂಟು ಮೂರು ವಾರವಾದರೂ ಹಾಗೇ ಇದ್ದರೆ ಅದನ್ನು ಕೆಪ್ಪಟ ಎನ್ನಬಾರದು. ನೋವಿಲ್ಲ ಎಂಬುದೇ ಇಲ್ಲಿ ಮೋಸ ಮಾಡುತ್ತದೆ. ನೋಯದ ಗಂಟಿಗೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಗುಲಾಬಿ ತೋಟದ ಕೂಲಿ ಬಿಟ್ಟು, ಮಾವಿನ ಸುಗ್ಗಿ ಬಿಟ್ಟು ಹೋಗುವುದಂತೂ ದೂರದ ಮಾತು.

ಹಾಗೆಂದು ಗಂಟು ಕಂಡ ಕೂಡಲೇ ಎದೆ ಒಡೆದುಕೊಳ್ಳಬೇಕಿಲ್ಲ. ನಮಗೆ ದೊಡ್ಡ ಲಾಲಾಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ಇವಲ್ಲದೆ ತುಟಿ, ಅಂಗುಳ, ಕೆನ್ನೆಯ ಒಳಪದರದಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಹೆಚ್ಚಿನ ಗೆಡ್ಡೆಗಳು ಬರುವುದು ಕಿವಿಯ ಮುಂದಿನ ಪರೋಟಿಡ್ ಗ್ರಂಥಿಯಲ್ಲಿ, ಅವುಗಳಲ್ಲಿ ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲ. ಗ್ರಂಥಿ ಚಿಕ್ಕದಾದಷ್ಟೂ ಅನುಮಾನ ಹೆಚ್ಚು: ದವಡೆ ಕೆಳಗಿನದರಲ್ಲಿ ಸುಮಾರು ಅರ್ಧಕ್ಕರ್ಧ, ನಾಲಿಗೆ ಅಡಿಯದರಲ್ಲಿ ಬಹುಪಾಲು ಕ್ಯಾನ್ಸರೇ. ಮುಖದ ಸ್ನಾಯುಗಳನ್ನು ಆಡಿಸುವ ನರ ಪರೋಟಿಡ್ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಗಂಟಿನ ಜೊತೆಗೆ ಬಾಯಿ ಒಂದು ಕಡೆ ಸೊಟ್ಟಗಾದರೆ, ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಒಂದು ದಿನವೂ ಕಾಯಬಾರದು. ‘ಗಾಳಿ ಬಡಿದಿದೆ’ ಎಂದು ಮಂತ್ರ ಹಾಕಿಸುತ್ತಾ ಕೂತರೆ ಕಳೆದುಹೋಗುವುದು ಅಮೂಲ್ಯವಾದ ವಾರಗಳು.

‘ಸೂಜಿ ಚುಚ್ಚಿದರೆ, ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ.’

ಈ ಮಾತಿನಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಸಣ್ಣ ಸೂಜಿಯಿಂದ ಕೋಶ ಎಳೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಕಾಯಿಲೆಯನ್ನು ಹರಡುವುದಿಲ್ಲ. ಈ ಗಂಟಿಗೆ ಮೊದಲು ಮಾಡಬೇಕಾದ್ದೇ ಅದು. ಆದರೆ ಪರೋಟಿಡ್ ಗಂಟನ್ನು ಮೇಲಿಂದ ಕೊಯ್ದು ಚೂರು ತೆಗೆಯುವುದು, ಸಿಪ್ಪೆ ಸುಲಿದಂತೆ ಗೆಡ್ಡೆಯನ್ನಷ್ಟೇ ಕಿತ್ತು ಹೊಲಿಯುವುದು ನಿಜಕ್ಕೂ ತಪ್ಪು. ಮುಖದ ನರಕ್ಕೆ ಏಟಾಗಬಹುದು. ಪ್ಲಿಯೋಮಾರ್ಫಿಕ್ ಅಡೆನೋಮ ಎಂಬ, ಕ್ಯಾನ್ಸರ್ ಅಲ್ಲದ ಸಾಮಾನ್ಯ ಗೆಡ್ಡೆಯ ಕವಚ ಒಡೆದರೆ ಅದು ವರ್ಷಗಳ ನಂತರ ಹಲವು ಗಂಟುಗಳಾಗಿ ಮರುಕಳಿಸುತ್ತದೆ. ಹಾಗೇ ಬಿಟ್ಟರೂ ಅಪಾಯವೇ, ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಆದ್ದರಿಂದ ‘ಚಿಕ್ಕ ಆಪರೇಷನ್, ಇಲ್ಲೇ ತೆಗೆದುಬಿಡೋಣ’ ಎನ್ನುವ ಕಡೆ ತಲೆಯಾಡಿಸಬೇಡಿ. ತಲೆ-ಕುತ್ತಿಗೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬಲ್ಲವರ ಕೈಗೆ ಮಾತ್ರ ಒಪ್ಪಿಸಿ.

‘ಎಲೆ-ಅಡಿಕೆ, ಬೀಡಿಯ ಫಲ.’

ಬಾಯಿಯ ಕ್ಯಾನ್ಸರಿಗೆ ಈ ಮಾತು ಬಹುಪಾಲು ಸತ್ಯ. ಲಾಲಾಗ್ರಂಥಿಯ ಕ್ಯಾನ್ಸರಿಗೆ ಹೊಗೆಸೊಪ್ಪಿನ ಜೊತೆ ಅಂಥ ಗಟ್ಟಿ ನಂಟು ಕಂಡುಬಂದಿಲ್ಲ. ಒಮ್ಮೆಯೂ ಎಲೆ ಹಾಕದ ಹೆಣ್ಣುಮಗಳಿಗೂ ಬರುತ್ತದೆ. ರೋಗಿಯನ್ನು ಅಪರಾಧಿಯಂತೆ ನೋಡುವುದನ್ನು ಬಿಡಬೇಕು.

ಈಗ ಆ ‘ಕರೆಂಟ್’ ವಿಷಯ. ಕರೆಂಟ್ ಇಡುವುದು ಕೊನೆಯ ಹಂತದಲ್ಲಿ, ಡಾಕ್ಟರು ಕೈಬಿಟ್ಟ ಮೇಲೆ ಎಂಬ ನಂಬಿಕೆಯೇ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವುದು ಎಂದು ನನಗನ್ನಿಸುತ್ತದೆ. ಈ ಕ್ಯಾನ್ಸರಿನಲ್ಲಿ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ತೆಗೆದ ಗೆಡ್ಡೆಯನ್ನು ಪರೀಕ್ಷಿಸಿದಾಗ ಅಂಚಿನಲ್ಲಿ ಕೋಶ ಉಳಿದಿದ್ದರೆ, ಗೆಡ್ಡೆ ದೊಡ್ಡದಾಗಿದ್ದರೆ ಅಥವಾ ಉಗ್ರ ಜಾತಿಯದಾಗಿದ್ದರೆ, ಕುತ್ತಿಗೆಯ ಗಂಟುಗಳಿಗೆ ಇಳಿದಿದ್ದರೆ, ನರದ ಗುಂಟ ಹರಿದಿದ್ದರೆ ರೇಡಿಯೇಷನ್ ಬೇಕಾಗುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಎಂಬ ಬಗೆ ನರವನ್ನು ಹಿಡಿದುಕೊಂಡು ತಲೆಬುರುಡೆಯ ಕಡೆಗೆ ತೆವಳುವ ಸ್ವಭಾವದ್ದು, ಅದಕ್ಕೆ ಬಹುತೇಕ ಎಲ್ಲರಿಗೂ ಕೊಡುತ್ತಾರೆ. ಕಣ್ಣಿಗೆ ಕಾಣುವ ಕಳೆಯನ್ನು ಕಿತ್ತಮೇಲೂ ಮಣ್ಣಿನಲ್ಲಿ ಬೇರಿನ ತುಂಡು ಉಳಿಯುತ್ತದಲ್ಲ, ರೇಡಿಯೇಷನ್ನಿನ ಕೆಲಸ ಅಲ್ಲಿ. ಗುಣವಾಗಲೆಂದೇ ಕೊಡುವುದು ಅದನ್ನು. ಆಪರೇಷನ್ ಸಾಧ್ಯವೇ ಇಲ್ಲದವರಿಗೆ ರೇಡಿಯೇಷನ್ ಒಂದನ್ನೇ ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದೂ ಉಂಟು.

ವಿದ್ಯುತ್ ಮೈಗೆ ತಗಲುವುದಿಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ ಎದೆಯ ಫೋಟೋ ತೆಗೆಯುವ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಶಕ್ತಿಯ ಕಿರಣ ಬಿಡುತ್ತದೆ. ಅದು ಕೋಶದ ಡಿಎನ್‌ಎ ಎಳೆಗಳನ್ನು ಮುರಿಯುತ್ತದೆ. ಒಳ್ಳೆಯ ಕೋಶ ಮರುದಿನದೊಳಗೆ ಬಹಳಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಆ ಚಾಕಚಕ್ಯತೆ ಕಡಿಮೆ. ಅದಕ್ಕೇ ಒಂದೇ ಸಲ ಸುರಿಯದೆ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ಕಿರಣದ ಪ್ರಮಾಣದ ಅಳತೆ), ವಾರಕ್ಕೆ ಐದು ದಿನ, 30ರಿಂದ 33 ಸಿಟ್ಟಿಂಗ್‌ಗಳಲ್ಲಿ 60ರಿಂದ 66 ಗ್ರೇ ಕೊಡುವುದು.

ಮೊದಲ ದಿನ ಕಿರಣವೇ ಇರುವುದಿಲ್ಲ. ಮೌಲ್ಡ್ ರೂಮಿನಲ್ಲಿ ರೋಗಿಯನ್ನು ಅಂಗಾತ ಮಲಗಿಸುತ್ತಾರೆ. ಜಾಲರಿಯಂಥ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರೆ ಬೇಯಿಸಿದ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ನೀರು ಒರೆಸಿ, ಬೆಚ್ಚಗಿರುವಾಗಲೇ ಮುಖದ ಮೇಲೆ ಎಳೆದು ಹಣೆ, ಮೂಗು, ಗಲ್ಲದ ಏರಿಳಿತಕ್ಕೆ ಒತ್ತುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗಿ ಅವರದೇ ಮುಖದ ಅಚ್ಚು ಆಗುತ್ತದೆ. ಉಸಿರಿಗೆ ತೊಂದರೆಯಿಲ್ಲ, ಅಚ್ಚಿನ ಮೈಯೆಲ್ಲ ಜಾಲರಿಯ ತೂತುಗಳೇ. ಆ ಮಾಸ್ಕ್ ಹಾಕಿಯೇ ಸ್ಕ್ಯಾನ್, ಪ್ರತಿದಿನದ ಸಿಟ್ಟಿಂಗ್ ಕೂಡ ಅದರಲ್ಲೇ. ಕಿರಣ ಬೀಳುವುದು ಕೆಲವು ನಿಮಿಷ ಮಾತ್ರ. ಉರಿಯಿಲ್ಲ, ನೋವಿಲ್ಲ, ಯಂತ್ರದ ಗುಂಯ್ ಎನ್ನುವ ಸದ್ದಷ್ಟೇ. ಒಬ್ಬರನ್ನೇ ಕೋಣೆಯಲ್ಲಿ ಬಿಟ್ಟರೂ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೈ ಎತ್ತಿದರೆ ಯಂತ್ರ ನಿಲ್ಲಿಸಿ ಬರುತ್ತಾರೆ.

ಯಂತ್ರ ನಿಂತ ಕ್ಷಣ ಕಿರಣವೂ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ರೋಗಿಗೆ ತಟ್ಟೆ-ಲೋಟ ಬೇರೆ ಮಾಡುವುದು, ಮೊಮ್ಮಗುವನ್ನು ದೂರ ಇಡುವುದು ಅನ್ಯಾಯ. ತಲೆಗೂದಲೆಲ್ಲ ಉದುರುವುದೂ ಇಲ್ಲ, ಕಿರಣ ಹಾದ ಕಡೆಯ ಗಡ್ಡವೋ ಕಿವಿಯ ಹಿಂದಿನ ಕೂದಲೋ ಉದುರಬಹುದು.

ಕಷ್ಟವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಎರಡು-ಮೂರನೇ ವಾರದಿಂದ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಚರ್ಮ ಕಪ್ಪಾಗುತ್ತದೆ. ಹುಣ್ಣು ಚಿಕಿತ್ಸೆ ಮುಗಿದ ಕೆಲವು ವಾರಕ್ಕೆ ಮಾಯುತ್ತದೆ, ರುಚಿ ಮರಳಲು ತಿಂಗಳುಗಳು ಬೇಕು. ಬಾಯಿ ಒಣಗುವುದು ಹೆಚ್ಚು ದಿನ ಕಾಡುವ ತೊಂದರೆ. ಇದರಲ್ಲೂ ಈಗ ಬಹಳ ಸುಧಾರಣೆಯಾಗಿದೆ. ಗಂಟಲಿನ ಭಾಗದ ಕ್ಯಾನ್ಸರ್ ಇದ್ದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ, ಹಳೆಯ ವಿಧಾನದಲ್ಲಿ ಒಂದು ವರ್ಷದ ನಂತರವೂ ನೂರಕ್ಕೆ 74 ಮಂದಿಗೆ ಬಾಯಿ ಒಣಗುವ ತೊಂದರೆ ಗಣನೀಯವಾಗಿತ್ತು. ಒಳ್ಳೆಯ ಗ್ರಂಥಿಯನ್ನು ತಪ್ಪಿಸಿ ಕಿರಣ ಬಿಡುವ ಐಎಂಆರ್‌ಟಿ ವಿಧಾನದಲ್ಲಿ ಅದು 38ಕ್ಕೆ ಇಳಿಯಿತು. ಒಂದು ಕಡೆಯ ಪರೋಟಿಡ್ ಕ್ಯಾನ್ಸರ್ ಆದರೆ ಇನ್ನೊಂದು ಕಡೆಯ ಗ್ರಂಥಿಯನ್ನು ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿಯೇ ಇರುತ್ತದೆ.

ಶುರುವಿಗೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಕೆಟ್ಟ ಹಲ್ಲಿದ್ದರೆ ಕನಿಷ್ಠ ಎರಡು ವಾರ ಮುಂಚೆ ಕೀಳಿಸಿ. ಕಿರಣ ಬಿದ್ದ ದವಡೆಯಿಂದ ಆಮೇಲೆ ಹಲ್ಲು ಕಿತ್ತರೆ ಮೂಳೆ ಮಾಯದೆ ಕೊಳೆಯುವ ಭಯವಿದೆ. ಎಷ್ಟೋ ಮನೆಗಳಲ್ಲಿ ‘ನಂಜು’ ಎಂದು ಹೇಳಿ ಮೊಟ್ಟೆ, ಬೇಳೆ, ಮೊಸರು ಎಲ್ಲ ನಿಲ್ಲಿಸಿಬಿಡುತ್ತಾರೆ. ಹುಣ್ಣು ಮಾಯಲು ಬೇಕಾದ್ದೇ ಅವು. ಖಾರ-ಹುಳಿ ಬಿಟ್ಟು, ರಾಗಿ ಅಂಬಲಿ, ಮಜ್ಜಿಗೆ, ಮೆತ್ತಗೆ ಬೆಂದ ಬೇಳೆ-ಅನ್ನ, ಮೊಟ್ಟೆ ಧಾರಾಳವಾಗಿ ಕೊಡಿ. ತೂಕ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ, ಗುರಿಯೂ ತಪ್ಪುತ್ತದೆ.

‘ಅರ್ಧ ಆಗಿದೆ, ಗಂಟೂ ಇಲ್ಲ, ಹಬ್ಬ ಮುಗಿಸಿ ಹೋಗೋಣ.’ ದಯವಿಟ್ಟು ಬೇಡ. ಬಿಡುವು ಕೊಟ್ಟ ದಿನಗಳಲ್ಲಿ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಆಪರೇಷನ್ ಗಾಯ ಮಾಯ್ದ ಮೇಲೆ ಶುರು ಮಾಡುವುದನ್ನೂ ಆರೇಳು ವಾರಕ್ಕಿಂತ ಮುಂದೂಡಬಾರದು.

ಚಿಕಿತ್ಸೆ ಎಲ್ಲಿ ಎಂದರೆ, ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರ್. 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆ ಇರುವುದು ಹೊಸೂರು ರಸ್ತೆಯಲ್ಲೇ. ಕೃಷ್ಣಗಿರಿಯ ಕಡೆಯವರಿಗೆ ವೆಲ್ಲೂರಿನ ಸಿಎಂಸಿ, ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಶುರುವಾದ ಅಡಯಾರಿನ ಕ್ಯಾನ್ಸರ್ ಆಸ್ಪತ್ರೆ ಕೂಡ ಇವೆ. ಚೆನ್ನೈಯಲ್ಲಿ 2019ರಿಂದ ಪ್ರೋಟಾನ್ ಎಂಬ ಇನ್ನೊಂದು ಬಗೆಯ ರೇಡಿಯೇಷನ್ ಚಿಕಿತ್ಸೆಯೂ ಸಿಗುತ್ತಿದೆ. ತಲೆಬುರುಡೆಯ ತಳಕ್ಕೆ ತಾಗಿದ ಗೆಡ್ಡೆಗೆ ಅದರ ಉಪಯೋಗವುಂಟು, ಹೆಚ್ಚಿನವರಿಗೆ ಸಾಮಾನ್ಯ ಲೀನಿಯರ್ ಆಕ್ಸಿಲರೇಟರ್ ಸಾಕು. ಪ್ರೋಟಾನ್ ಬೇಕೆಂದು ಹೊಲ ಮಾರಬೇಡಿ. ತಮಿಳುನಾಡಿನ ಮುಖ್ಯಮಂತ್ರಿ ವಿಮೆ ಕಾರ್ಡ್ ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಮಾ ಕೌಂಟರಿನಲ್ಲಿ ಕೇಳಿಕೊಳ್ಳಿ.

ಅಡಿನಾಯ್ಡ್ ಸಿಸ್ಟಿಕ್ ಬಗೆ ಹತ್ತು ವರ್ಷ ಸುಮ್ಮನಿದ್ದು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಐದು ವರ್ಷ ಕಳೆಯಿತೆಂದು ಫೈಲನ್ನು ಅಟ್ಟಕ್ಕೆ ಎಸೆಯಬೇಡಿ, ಕರೆದಾಗಲೆಲ್ಲ ಹೋಗಿ ತೋರಿಸಿ. ಮತ್ತೆ, ರೇಡಿಯೇಷನ್ನಿನ ಆ ಆರೇಳು ವಾರ ದಿನಾ ಬೆಳಗ್ಗೆ ಅತ್ತಿಬೆಲೆ ದಾಟುವ ಬಸ್ಸಿನಲ್ಲಿ ಜೊತೆಗೆ ಕೂರಲು ಮನೆಯಿಂದ ಒಬ್ಬರು ಬೇಕು. ಅಣ್ಣನೋ ಮಗಳೋ ಪಕ್ಕದ ಮನೆಯವರೋ, ಸರದಿ ಹಾಕಿಕೊಂಡಾದರೂ ಹೋಗಿ.